ಕಡಲಿಗಾಗಿ ಮುಂಬೈಗೆ ಹೋಗಬೇಡಿ

ನಾಲ್ಕು ದಿನದ ರಜೆ, ಟ್ಯೂಷನ್ ಹೇಳಿ ಕೂಡಿಟ್ಟ ಒಂದಷ್ಟು ದುಡ್ಡು. ಇಷ್ಟಕ್ಕೆ ಮುಂಬೈ ಸರಿಯಾದ ಊರೇ? ಎರಡು ಸಲ ಹೋಗಿ ಉಳಿದು ಬಂದ ಮೇಲೆ ನನ್ನ ಉತ್ತರ ಹೌದು. ಆದರೆ ಸಮುದ್ರಕ್ಕಾಗಿ ಹೋಗುವುದಾದರೆ ಬೇಡ.

ನಾನು ಕುಂದಾಪುರದವನು. ಬಯಲುಸೀಮೆಯ ಗೆಳೆಯರು 'ಮುಂಬೈ ಬೀಚ್' ಎಂದು ಕಣ್ಣರಳಿಸಿದಾಗ ನಗು ಬರುತ್ತದೆ. ಗಿರಗಾಂವ್ ಚೌಪಾಟಿ, ಜುಹು ಎರಡೂ ಸಂಜೆ ಕೂತು ಭೇಲ್‌ಪುರಿ ತಿನ್ನಲು ಚೆಂದ, ನೀರಿಗಿಳಿದು ಆಡಲು ಅಲ್ಲ. ಅಷ್ಟು ದೊಡ್ಡ ಊರಿನ ಕೊಳಚೆ ಸೇರುವುದೂ ಅದೇ ಸಮುದ್ರಕ್ಕೆ. ಮರಳಿನಲ್ಲಿ ಬಿದ್ದುಕೊಂಡೇ ರಜೆ ಕಳೆಯಬೇಕು ಎನ್ನುವವರು ಗೋಕರ್ಣದಲ್ಲೇ ಇಳಿಯಲಿ, ಟಿಕೆಟ್ ದುಡ್ಡೂ ಉಳಿಯುತ್ತದೆ.

ಮೊದಲ ಸಲ ಹೊರಟಾಗ ಅಮ್ಮ ಕೇಳಿದ್ದು, "ಬೊಂಬಾಯಿಗೆ ದುಡುಕೆ ಹೋಪ್ದ್, ತಿರ್ಗುಕೆ ಯಾರ್ ಹೋತ್ರ್?" ಅವರ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಕರಾವಳಿಯಿಂದ ಎಷ್ಟೋ ಹುಡುಗರು ಅಲ್ಲಿಗೆ ಹೋಗಿ ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ನಮ್ಮ ಮನೆಗಳ ಪಾಲಿಗೆ ಅದು ಮನಿಆರ್ಡರ್ ಬರುತ್ತಿದ್ದ ಊರು. ಆದ್ದರಿಂದಲೇ ಎಲ್ಲರ ಬಾಯಲ್ಲೂ ಒಂದೇ ಸಲಹೆ: "ಚಿಕ್ಕಪ್ಪ ಇದ್ದಾರಲ್ಲ, ಉಳಿಯೋಕೆ ಏನು ಖರ್ಚು?"

ನನ್ನ ತಕರಾರು ಇರುವುದು ಈ ಸಲಹೆಯ ಬಗ್ಗೆಯೇ. ಅಲ್ಲಿ ಬಹಳ ಮನೆಗಳೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ನಲ್ಲಿ ನೀರು ಬರುವುದಕ್ಕೆ ಹೊತ್ತು ಗೊತ್ತಿದೆ. ಅಷ್ಟರೊಳಗೆ ಯಾರು ತುಂಬಬೇಕು, ಯಾರು ಮೊದಲು ಸ್ನಾನ ಮುಗಿಸಿ ಲೋಕಲ್ ಹಿಡಿಯಬೇಕು ಎಂಬುದೆಲ್ಲ ನಿಮಿಷದ ಲೆಕ್ಕದಲ್ಲಿ ನಡೆಯುತ್ತದೆ. ಬಾವಿ ನೀರು ಸುರಿದುಕೊಂಡು ಬೆಳೆದ ನಮಗೆ ಇದು ಹೊಳೆಯುವುದೇ ಇಲ್ಲ. ಮೂವರು ಹುಡುಗರು ಬ್ಯಾಗ್ ಹೊತ್ತು ಬಂದರೆ ಚಿಕ್ಕಮ್ಮ ಬೇಡ ಅನ್ನುವುದಿಲ್ಲ, 'ಇನ್ನೆರಡು ದಿನ ಇರಿ' ಎಂದೇ ಹೇಳುತ್ತಾರೆ. ನಮಗೆ ಉಳಿಯುವ ಆ ಖರ್ಚನ್ನು ತೆರುವವರು ಅವರು. ಭಾನುವಾರ ಊಟಕ್ಕೆ ಹೋಗಿ, ಊರಿನ ಹಪ್ಪಳ ಕೊಟ್ಟು ಬನ್ನಿ. ಮಲಗಲು ಬೇರೆ ಜಾಗ ನೋಡಿಕೊಳ್ಳಿ.

ಎಲ್ಲಿ? ನೋಡುವ ಜಾಗಗಳೆಲ್ಲ ಹೆಚ್ಚಾಗಿ ದಕ್ಷಿಣ ತುದಿಯಲ್ಲಿವೆ, ಆದರೆ ಅಲ್ಲಿ ರೂಮು ದುಬಾರಿ. ನಕಾಶೆಯಲ್ಲಿ ಗೇಟ್‌ವೇ ಹುಡುಕುವ ಮೊದಲು ರೈಲು ಹಳಿ ಹುಡುಕಿ. ದಾದರ್‌ನಲ್ಲಿ ಪಶ್ಚಿಮ, ಸೆಂಟ್ರಲ್ ಎರಡೂ ಮಾರ್ಗ ಸೇರುತ್ತವೆ. ಪಕ್ಕದ ಮಾಟುಂಗಾದಲ್ಲಿ ಹಳೆಯ ಉಡುಪಿ ಹೋಟೆಲುಗಳಿವೆ, ಊಟಕ್ಕೆ ಪರದಾಡಬೇಕಿಲ್ಲ. ಒಂದು ರಾತ್ರಿಗಷ್ಟೇ ಆದರೆ ದೊಡ್ಡ ನಿಲ್ದಾಣಗಳ ರಿಟೈರಿಂಗ್ ರೂಮನ್ನು ರೈಲು ಟಿಕೆಟಿನ ಪಿಎನ್‌ಆರ್ ಹಾಕಿ ಮುಂಗಡ ಕಾಯ್ದಿರಿಸಬಹುದು. ಬೆಳಿಗ್ಗೆ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ ಹೋಗುವ ಲೋಕಲ್‌ಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಿಮಗೆ ರಜೆ ತಾನೇ, 11 ಗಂಟೆಯ ನಂತರ ಹೊರಡಿ.

ಆ ಊರಿನ ಒಳ್ಳೆಯ ಸಂಗತಿಗಳಿಗೆ ಹೆಚ್ಚು ದುಡ್ಡು ಬೇಡ ಎನ್ನುವುದೇ ನನಗೆ ಹಿಡಿಸಿದ್ದು. ಓವಲ್ ಮೈದಾನದ ನಡುವೆ ನಿಂತರೆ ಒಂದು ಬದಿಯಲ್ಲಿ ಹೈಕೋರ್ಟ್, ವಿಶ್ವವಿದ್ಯಾಲಯದ ಗೋಥಿಕ್ ಗೋಪುರಗಳು. ಇನ್ನೊಂದು ಬದಿಯಲ್ಲಿ ಕಳೆದ ಶತಮಾನದ ಆರ್ಟ್ ಡೆಕೊ ಮನೆಗಳ ಸಾಲು. ಎರಡೂ ಸೇರಿ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ನಡುವೆ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ, ಟಿಕೆಟ್ ಇಲ್ಲ. ಜಹಾಂಗೀರ್ ಆರ್ಟ್ ಗ್ಯಾಲರಿಗೂ ಪುಕ್ಕಟೆ ಪ್ರವೇಶ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ ಹೋದರೆ ಎಲಿಫೆಂಟಾ. ಸೋಮವಾರ ಮುಚ್ಚಿರುತ್ತದೆ, ನೆನಪಿಡಿ. ನನಗೆ ಅದಕ್ಕಿಂತ ಹಿಡಿಸಿದ್ದು ಬೊರಿವಲಿಯ ಕಾಡಿನೊಳಗಿನ ಕಾನ್ಹೇರಿ. ನೂರಕ್ಕೂ ಹೆಚ್ಚು ಗುಹೆಗಳು, ಬೌದ್ಧ ಭಿಕ್ಷುಗಳು ಮಲಗುತ್ತಿದ್ದ ಕಲ್ಲಿನ ಜಗಲಿಗಳು, ಪಕ್ಕದಲ್ಲೇ ಕೊರೆದ ನೀರಿನ ತೊಟ್ಟಿಗಳು. ಅವರಿಗೂ ನೀರಿನದೇ ಚಿಂತೆ!

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಿತ್ತು. ಅಷ್ಟಾಗದಿದ್ದರೂ ಹಳಿಯ ಮೇಲೆ ನೀರು ನಿಂತರೆ ಲೋಕಲ್ ನಿಲ್ಲುತ್ತದೆ, ರಜೆಯೂ ಅಲ್ಲೇ ನಿಲ್ಲುತ್ತದೆ. ಡಿಸೆಂಬರ್, ಜನವರಿ ಹಿತ.

ಅಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ಯೋಚನೆ ಇದ್ದವರು ಒಂದು ದಿನ ಬೇಗ ಎದ್ದು, 9 ಗಂಟೆಗೆ ಠಾಣೆ ನಿಲ್ದಾಣದ ಮೇಲ್ಸೇತುವೆಯಲ್ಲಿ ನಿಂತು ನೋಡಿ. ರೈಲು ಹತ್ತಬೇಕಾಗಿಲ್ಲ, ನೋಡಿದರೆ ಸಾಕು. ಆಮೇಲೆ ಸಂಬಳದ ಅಂಕಿಯಿಂದ ರೂಮಿನ ಬಾಡಿಗೆಯನ್ನೂ ರೈಲಿನಲ್ಲಿ ಕಳೆಯುವ ಗಂಟೆಗಳನ್ನೂ ಕಳೆದು ಲೆಕ್ಕ ಹಾಕಲು ಬರುತ್ತದೆ. ನನ್ನ ಜೊತೆ ಅಲ್ಲಿ ನಿಂತಿದ್ದ ಇಬ್ಬರಲ್ಲಿ ಒಬ್ಬ ಊರಿಗೆ ಬಂದವನೇ ಪುಣೆಯ ಕಂಪನಿಗಳನ್ನು ಹುಡುಕತೊಡಗಿದ. ಇನ್ನೊಬ್ಬ ಈಗ ಮುಲುಂಡ್‌ನಲ್ಲಿ ರೂಮು ನೋಡುತ್ತಿದ್ದಾನೆ.