ಹೊಳೆ ದಾಟಿದ್ದಾಯ್ತು, ವಿಶೇಷಚೇತನ ಮಕ್ಕಳು ಶಾಲೆ ತಲುಪೋದು ಯಾವಾಗ?

ಸಾಗರ: ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಯ್ತು. 2.44 ಕಿಲೋಮೀಟರ್ ಉದ್ದದ ಸೇತುವೆ. ಕರೂರು, ಬಾರಂಗಿ ಹೋಬಳಿಯ ಜನ ಶರಾವತಿ ಹಿನ್ನೀರಿನ ದಡದಲ್ಲಿ ಲಾಂಚ್‌ಗೆ ಕಾದು ಕೂತ ವರ್ಷಗಳಿಗೆ ಲೆಕ್ಕವಿಲ್ಲ. ಸಂಜೆ ಕೊನೇ ಲಾಂಚ್ ಹೋಯ್ತು ಅಂದರೆ ಸಾಗರಕ್ಕೂ ತುಮರಿಗೂ ಸಂಬಂಧ ಕಡಿದ ಹಾಗೆ. ಈಗ ಆ ತಾಪತ್ರಯ ಇಲ್ಲ. ಗಾಡಿ ಇದ್ದವರು ಕೆಲವೇ ನಿಮಿಷದಲ್ಲಿ ಹೊಳೆ ದಾಟ್ತಾರೆ.

ಗಾಡಿ ಇಲ್ಲದವರ ಕತೆ ಬೇರೆ. ಅದರಲ್ಲೂ ನಡೆಯಲು ಆಗದ, ಕಣ್ಣು ಕಾಣದ, ಬುದ್ಧಿ ಬೆಳವಣಿಗೆ ನಿಧಾನ ಇರುವ ಮಕ್ಕಳಿಗೆ ಹೊಳೆ ಒಂದೇ ಅಡ್ಡಿ ಆಗಿರಲಿಲ್ಲ. ಮನೆ ಅಂಗಳದಿಂದ ಡಾಂಬರು ರಸ್ತೆ ತನಕದ ದಾರಿ, ರಸ್ತೆಯಿಂದ ಬಸ್ಸಿನ ಮೆಟ್ಟಿಲು, ಬಸ್ಸಿನಿಂದ ಶಾಲೆ ಗೇಟು, ಈ ಮೂರೂ ಹಾಗೇ ಉಳಿದಿವೆ. ಇದು ತುಮರಿ ಭಾಗದ ಮಾತು ಮಾತ್ರ ಅಲ್ಲ. ಹೊಸನಗರ, ತೀರ್ಥಹಳ್ಳಿ, ಸೊರಬದ ಒಳಹಳ್ಳಿಗಳಲ್ಲೂ ಇದೇ ಪಾಡು.

ಕಾನೂನಿನಲ್ಲಿ ಏನೂ ಕೊರತೆ ಇಲ್ಲ

ಕಾಯ್ದೆ ಓದಿದರೆ ಆಶ್ಚರ್ಯ ಆಗುತ್ತೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 16ನೇ ಕಲಂ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳಲ್ಲಿ ವಿಶೇಷಚೇತನ ಮಕ್ಕಳಿಗೆ ಸಾರಿಗೆ ವ್ಯವಸ್ಥೆ ಆಗಬೇಕು. ಹೆಚ್ಚಿನ ನೆರವು ಬೇಕಾದ ಮಗುವಾದರೆ ಜೊತೆಗೆ ಹೋಗುವವರಿಗೂ ಸಾರಿಗೆ ಕೊಡಬೇಕು. ಮಾನ್ಯತೆ ಪಡೆದ ಶಾಲೆ ಅಂದರೆ ಖಾಸಗಿ ಶಾಲೆಯೂ ಸೇರಿತು. ಹಳದಿ ಬಸ್ಸು ಇಟ್ಟುಕೊಂಡು ಊರೂರಿಗೆ ಕಳಿಸುವ ಶಾಲೆಗಳೂ ಈ ಲೆಕ್ಕದಿಂದ ಹೊರಗಿಲ್ಲ.

31ನೇ ಕಲಂ ಇನ್ನೊಂದು ಮಾತು ಹೇಳುತ್ತೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಅದೂ ನೆರೆಹೊರೆಯ ಶಾಲೆಯಲ್ಲಿ ಅಥವಾ ಇಷ್ಟಪಟ್ಟ ವಿಶೇಷ ಶಾಲೆಯಲ್ಲಿ. ಉಳಿದ ಮಕ್ಕಳಿಗೆ ಆರ್‌ಟಿಇ 14 ವರ್ಷಕ್ಕೆ ಮುಗಿಯುತ್ತೆ, ಇವರಿಗೆ 18ರ ತನಕ ಇದೆ. ಹೈಸ್ಕೂಲು, ಪಿಯುಸಿ ಎಲ್ಲ ಅದರೊಳಗೇ ಬಂತು. ಆದರೆ ಹಳ್ಳಿಯ ಮಗುವಿಗೆ ಶಾಲೆ ದೂರವಾಗೋದೇ ಹೈಸ್ಕೂಲಿಗೆ ಬಂದಾಗ. ಒಂದರಿಂದ ಐದನೇ ತರಗತಿಗೆ ಶಾಲೆ 1 ಕಿಲೋಮೀಟರ್ ಒಳಗೆ, ಎಂಟನೇ ತರಗತಿ ತನಕ 3 ಕಿಲೋಮೀಟರ್ ಒಳಗೆ ಇರಬೇಕು ಅನ್ನೋದು ಆರ್‌ಟಿಇ ನಿಯಮದ ಲೆಕ್ಕ. ಮಲೆನಾಡಿನಲ್ಲಿ ಒಂದು ಕಿಲೋಮೀಟರ್ ಅಂದರೆ ಒಂದು ಗುಡ್ಡ, ಒಂದು ಹಳ್ಳ, ಒಂದು ಕಾಲುಸಂಕ. ಗಟ್ಟಿಮುಟ್ಟಾದ ಮಕ್ಕಳೇ ಜುಲೈ ಮಳೆಯಲ್ಲಿ ಕಾಲುಸಂಕ ದಾಟೋಕೆ ಹೆದರ್ತಾರೆ. ಗಾಲಿಕುರ್ಚಿ ಅದರ ಮೇಲೆ ಹೋಗೋದು ಹೇಗೆ ಅಂತ ನಿಯಮ ಬರೆದವರು ಯೋಚಿಸಿದ ಹಾಗೆ ಕಾಣಲ್ಲ.

ದಿನಕ್ಕೆ 16 ರೂಪಾಯಿ

ದುಡ್ಡಿನ ಲೆಕ್ಕ ಇನ್ನೂ ಮಜವಾಗಿದೆ. ಮಜ ಅಂದರೆ ನಗುವಂಥ ಮಜ ಅಲ್ಲ.

2018-19ರಿಂದ ನಡೆಯುತ್ತಿರುವ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಇದರಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 3,500 ರೂಪಾಯಿ. ಈ 3,500ರಲ್ಲೇ ತಪಾಸಣಾ ಶಿಬಿರ, ಸಾಧನ ಸಲಕರಣೆ, ಬ್ರೈಲ್ ಪುಸ್ತಕ, ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಎಲ್ಲ ಹೊಂದಿಸಬೇಕು. ಮೇಲಿನ ತರಗತಿಗಳಿಗೆ ವರ್ಷದಲ್ಲಿ 220 ಶಾಲಾ ದಿನ ಅನ್ನೋದು ಆರ್‌ಟಿಇ ಲೆಕ್ಕ. ಬೇರೇನೂ ಕೊಡದೆ ಪೂರ್ತಿ 3,500 ಸಾರಿಗೆಗೇ ಹಾಕಿದರೂ ದಿನಕ್ಕೆ 16 ರೂಪಾಯಿ ಬೀಳಲ್ಲ. ಹೋಗಿ ಬರೋ ಎರಡು ಸಲಕ್ಕೆ ಭಾಗಿಸಿದರೆ ಒಂದು ಸಲಕ್ಕೆ 8 ರೂಪಾಯಿ.

ಹತ್ತಿರದಲ್ಲಿ ಶಾಲೆ ಇಲ್ಲದ ಜನವಸತಿಯ ಮಕ್ಕಳಿಗೆ ಅಂತ ಇದೇ ಯೋಜನೆಯಲ್ಲಿ ಇನ್ನೊಂದು ಸಾರಿಗೆ ಭತ್ಯೆ ಇದೆ, ವರ್ಷಕ್ಕೆ ಗರಿಷ್ಠ 6,000. ಅದನ್ನು ಹಂಚಿದರೆ ದಿನಕ್ಕೆ 27 ರೂಪಾಯಿ. ಸಾಗರ ಬಸ್ ಸ್ಟ್ಯಾಂಡಿನಲ್ಲಿ ಆಟೋ ಹತ್ತಿದವರಿಗೆ 27 ರೂಪಾಯಿಗೆ ಎಷ್ಟು ದೂರ ಹೋಗಬಹುದು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಮೊತ್ತಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕಾಯ್ದೆ ಹೇಳೋದು ಸಾರಿಗೆ ವ್ಯವಸ್ಥೆ ಅಂತ. ಯೋಜನೆ ಕೊಡೋದು ಭತ್ಯೆ. ಎರಡೂ ಒಂದೇ ಅಲ್ಲ. ಭತ್ಯೆ ಖಾತೆಗೆ ಬರುತ್ತೆ, ಆಟೋದವರಿಗೆ ಕೊಡಬೇಕಾದ್ದು ಅವತ್ತಿನ ಸಂಜೆಗೆ. ಅಂಗಡಿ ನಡೆಸೋರಿಗೆ ಇದು ಬೇಗ ಅರ್ಥ ಆಗುತ್ತೆ: ವರ್ಷಕ್ಕೊಮ್ಮೆ ಬರುವ ದುಡ್ಡಿನ ಮೇಲೆ ದಿನಾ ಉದ್ರಿ ಕೊಡೋಕೆ ಯಾರಿಂದ ಆಗುತ್ತೆ? ಜೊತೆಗೆ ಒಳಹಳ್ಳಿಯಲ್ಲಿ ಕೈಯಲ್ಲಿ ದುಡ್ಡಿದ್ದರೂ ಬೆಳಿಗ್ಗೆ ಒಂಬತ್ತಕ್ಕೆ ಬಂದು ನಿಲ್ಲುವ ಗಾಡಿಯೇ ಸಿಗಲ್ಲ.

ಬಸ್ ಪಾಸ್ ಇದೆಯಲ್ಲ ಅನ್ನೋರಿಗೆ

ಕೆಎಸ್‌ಆರ್‌ಟಿಸಿಯಲ್ಲಿ ವಿಶೇಷಚೇತನರಿಗೆ ವರ್ಷಕ್ಕೆ 660 ರೂಪಾಯಿಯ ರಿಯಾಯಿತಿ ಪಾಸ್ ಇದೆ, ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಗೆ. ಅಂಧರಿಗೆ ಉಚಿತ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಟಿಕೆಟ್ ಇಲ್ಲ, ಹೆಣ್ಣು ಮಗುವಿಗೂ ಇಲ್ಲ. ಹೆಣ್ಣು ಮಗುವನ್ನು ಅಮ್ಮ ಕರೆದುಕೊಂಡು ಹೋದರೆ ಇಬ್ಬರಿಗೂ ಖರ್ಚೇ ಇಲ್ಲ. ಅಪ್ಪನೋ ಅಜ್ಜನೋ ಕರೆದುಕೊಂಡು ಹೊರಟರೆ ಅವರ ಟಿಕೆಟ್ ಅವರೇ ತಗೋಬೇಕು. ಶಕ್ತಿ ಈ ಮಕ್ಕಳಿಗಾಗಿ ಮಾಡಿದ ಯೋಜನೆ ಅಲ್ಲ. ಆದರೂ ಎಷ್ಟೋ ಅಮ್ಮಂದಿರಿಗೆ ಇದರಿಂದ ದೊಡ್ಡ ಉಪಕಾರ ಆಗಿದೆ, ಅದನ್ನು ಒಪ್ಪಲೇಬೇಕು.

ಆದರೆ ಇದೆಲ್ಲ ನಡೆಯೋದು ಕೆಂಪು ಬಸ್ಸಿನಲ್ಲಿ. ಶಿವಮೊಗ್ಗ ಜಿಲ್ಲೆಯ ಮಲೆನಾಡು ತಾಲೂಕುಗಳು ಇವತ್ತಿಗೂ ಬಹುಪಾಲು ಖಾಸಗಿ ಬಸ್ಸನ್ನೇ ನಂಬಿವೆ. ಎಷ್ಟೋ ಹಳ್ಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಖಾಸಗಿ ಬಸ್ಸು, ಅಷ್ಟೇ. ಅಲ್ಲಿ ಶಕ್ತಿಯೂ ನಡೆಯಲ್ಲ, ಸರ್ಕಾರಿ ಪಾಸೂ ನಡೆಯಲ್ಲ. ಪರಿಚಯದ ಕಂಡಕ್ಟರ್ ಆದರೆ ಮಗುವಿಗೆ ಟಿಕೆಟ್ ಕೇಳದೆ ಬಿಡಬಹುದು, ಎತ್ತಿ ಸೀಟಿನಲ್ಲಿ ಕೂರಿಸಲೂಬಹುದು. ಮಲೆನಾಡಿನ ಖಾಸಗಿ ಬಸ್ಸಿನವರಿಗೆ ಈ ಒಳ್ಳೆತನ ಹೊಸದೇನಲ್ಲ. ಆದರೆ ಅದು ಆ ಮನುಷ್ಯನ ಒಳ್ಳೆತನ. ಅವನು ರಜಾ ಹಾಕಿದ ದಿನ ಮಗುವಿಗೂ ರಜಾ.

ಇನ್ನು ಮೆಟ್ಟಿಲು. ಹಳ್ಳಿ ರೂಟಿನ ಬಸ್ಸುಗಳ ಮೊದಲ ಮೆಟ್ಟಿಲು ವಯಸ್ಸಾದವರಿಗೇ ಎಟುಕಲ್ಲ. ಮಗುವಿಗೆ ಆರೇಳು ವರ್ಷ ಆಗುವ ತನಕ ಅಮ್ಮ ಸೊಂಟದ ಮೇಲೆ ಎತ್ತಿಕೊಂಡು ಹತ್ತಬಹುದು. ಹನ್ನೆರಡು ವರ್ಷದ, ಮೂವತ್ತು ಕೆಜಿ ತೂಕದ ಮಗುವನ್ನು? ಮಗು ಬೆಳೆದಷ್ಟೂ ಶಾಲೆ ದೂರ ಆಗುತ್ತೆ, ಎತ್ತೋ ಕೈ ಸೋಲುತ್ತೆ. ಐದು, ಏಳನೇ ತರಗತಿ ಮುಗಿದ ಮೇಲೆ ಇಂಥ ಮಕ್ಕಳು ಕಾಣೆಯಾಗೋಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ. 2011ರ ಜನಗಣತಿ ಪ್ರಕಾರ ದೇಶದಲ್ಲಿ 5ರಿಂದ 19 ವರ್ಷದ ಅಂಗವಿಕಲ ಮಕ್ಕಳಲ್ಲಿ ಶಾಲೆ ಕಾಲೇಜಿಗೆ ಹೋಗುತ್ತಿದ್ದವರು ಶೇ. 61 ಮಾತ್ರ.

ಜೊತೆಗೆ ಹೋಗೋರ ಕೂಲಿ ಯಾರು ಕೊಡ್ತಾರೆ?

ಬೆಂಗಾವಲು ಅಂತ ಕಾಗದದಲ್ಲಿ ಬರೆಯೋದು ಸುಲಭ. ಮನೆಯಲ್ಲಿ ಅದರ ಅರ್ಥ ಅಮ್ಮ. ಬೆಳಿಗ್ಗೆ ಮಗುವನ್ನು ಬಿಟ್ಟು ವಾಪಸ್ ಬಂದು ಮತ್ತೆ ಸಂಜೆ ಕರೆಯೋಕೆ ಹೋಗೋಣ ಅಂದರೆ ನಡುವೆ ಬಸ್ಸಿಲ್ಲ. ಹಾಗಾಗಿ ಶಾಲೆ ಜಗಲಿಯಲ್ಲೇ ನಾಲ್ಕು ಗಂಟೆ ತನಕ ಕೂರಬೇಕು. ಶೌಚಾಲಯಕ್ಕೆ ಕರೆದುಕೊಂಡು ಹೋಗೋಕೂ ಬಹಳ ಕಡೆ ಅವಳೇ ಬೇಕು. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯೋ ಕೆಲಸ ಊರ ತುಂಬ ಇರುತ್ತೆ, ಕೈಗೆ ನಾಲ್ಕು ಕಾಸು ಬರೋದೇ ಆಗ. ಆ ಎರಡು ಮೂರು ತಿಂಗಳು ಕೂಲಿ ಬಿಟ್ಟು ಜಗಲಿಯಲ್ಲಿ ಕೂರು ಅಂತ ಒಂದು ಬಡ ಮನೆಗೆ ಹೇಳೋಕೆ ಯಾರಿಗೂ ಬಾಯಿ ಬರಲ್ಲ. ಮಗು ಮನೆಯಲ್ಲಿ ಉಳಿಯುತ್ತೆ. ಸುಗ್ಗಿ ಮುಗಿದ ಮೇಲೆ ಮತ್ತೆ ಶಾಲೆಗೆ ಹೋಗೋ ರೂಢಿ ತಪ್ಪಿರುತ್ತೆ.

ಕೊನೆಗೆ ಆ ಮಗುವಿನ ಹೆಸರು ‘ಗೃಹಾಧಾರಿತ ಶಿಕ್ಷಣ’ದ ಪಟ್ಟಿಗೆ ಬರುತ್ತೆ.

ಈ ಪಟ್ಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2012ರಲ್ಲಿ ಆರ್‌ಟಿಇ ಕಾಯ್ದೆಗೆ ತಿದ್ದುಪಡಿ ಆಗಿ, ಬಹುವಿಧ ಅಥವಾ ತೀವ್ರ ಅಂಗವೈಕಲ್ಯ ಇರುವ ಮಗು ಬೇಕಾದರೆ ಮನೆಯಲ್ಲೇ ಶಿಕ್ಷಣ ಪಡೆಯಬಹುದು ಅಂತ ಸೇರಿಸಲಾಯಿತು. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿಗೆ ಇದು ನಿಜಕ್ಕೂ ಬೇಕಿತ್ತು. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇರುವ ಬಿಐಇಆರ್‌ಟಿ ಶಿಕ್ಷಕರು, ಸ್ವಯಂಸೇವಕರು ಮನೆಗೆ ಬಂದು ಕಲಿಸ್ತಾರೆ. ಆದರೆ ಕಾಯ್ದೆಯಲ್ಲಿ ಇರೋದು ‘ಆಯ್ಕೆ’. ಆಯ್ಕೆ ಮಗುವಿನದ್ದು, ಮನೆಯವರದ್ದು. ಗಾಡಿ ಇಲ್ಲ ಅನ್ನೋ ಕಾರಣಕ್ಕೆ ಮನೆಯಲ್ಲಿ ಉಳಿದರೆ ಅದನ್ನು ಆಯ್ಕೆ ಅನ್ನೋಕಾಗಲ್ಲ. ಗಾಲಿಕುರ್ಚಿಯಲ್ಲಿ ಕೂತು ಪಾಠ ಕೇಳಬಲ್ಲ ಮಗುವಿಗೂ, ಮಲಗಿದಲ್ಲೇ ಇರುವ ಮಗುವಿಗೂ ಪಟ್ಟಿಯಲ್ಲಿ ಒಂದೇ ಸಾಲು. ದಾಖಲೆಯಲ್ಲಿ ಆ ಮಗು ಶಾಲೆ ಬಿಟ್ಟಿಲ್ಲ, ಹತ್ತಿರದ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದೆ. ಹಾಗಾಗಿ ಯಾರ ಕಣ್ಣಿಗೂ ಅದು ಸಮಸ್ಯೆ ಅನ್ನಿಸಲ್ಲ.

ಮನೆಗೆ ಬರುವ ಶಿಕ್ಷಕರಿಗಾದರೂ ಇಡೀ ತಾಲೂಕು ಸುತ್ತಬೇಕು. ಸಾಗರದಂಥ ತಾಲೂಕಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗೋದರಲ್ಲೇ ಅರ್ಧ ದಿನ ಹೋಗುತ್ತೆ. ವಾರಕ್ಕೊಂದೆರಡು ಗಂಟೆ ಸಿಗುವ ಪಾಠ, ಓರಗೆಯ ಮಕ್ಕಳ ಜೊತೆ ಕೂತು ಬಿಸಿಯೂಟ ಮಾಡಿದ್ದಕ್ಕೆ ಸಮ ಆಗಲ್ಲ. ವಿಶೇಷ ಶಿಕ್ಷಕರ ಸಂಖ್ಯೆಯ ವಿಷಯ ಸುಪ್ರೀಂ ಕೋರ್ಟ್ ತನಕ ಹೋಗಿದೆ. ಪ್ರಾಥಮಿಕದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬರು, ಪ್ರೌಢಶಾಲೆಯಲ್ಲಿ 15ಕ್ಕೆ ಒಬ್ಬರು ಅನ್ನೋ ಅನುಪಾತದಲ್ಲಿ ಹುದ್ದೆ ಮಂಜೂರು ಮಾಡಿ ಅಂತ 2025ರ ಮಾರ್ಚ್‌ನಲ್ಲಿ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಹುದ್ದೆ ತುಂಬಿದರೂ ಮಗು ಶಾಲೆಗೆ ಬರದೆ ಶಿಕ್ಷಕರು ಏನು ಮಾಡಬೇಕು ಅನ್ನೋದು ಉಳಿಯುತ್ತೆ.

ಪಂಚಾಯ್ತಿ ಕೈಯಲ್ಲಿ ಏನಿದೆ

ಬೆಂಗಳೂರು, ದೆಹಲಿ ಕಡೆ ಕೈ ತೋರಿಸಿ ಸುಮ್ಮನೆ ಕೂರೋ ಹಾಗಿಲ್ಲ. ಗ್ರಾಮ ಪಂಚಾಯ್ತಿಗಳು ತಮ್ಮ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ವಿಶೇಷಚೇತನರಿಗೆ ಅಂತ ಎತ್ತಿಡಬೇಕು. ಸಣ್ಣ ಪಂಚಾಯ್ತಿಯಲ್ಲಿ ಈ ಮೊತ್ತ ಸಣ್ಣದೇ, ನಿಜ. ಸಾಮಾನ್ಯವಾಗಿ ಅದು ಒಂದಷ್ಟು ಜನರಿಗೆ ಸಲಕರಣೆ, ಸಹಾಯಧನ ಅಂತ ಹಂಚಿ ಮುಗಿಯುತ್ತೆ, ಒಂದು ಫೋಟೋನೂ ಆಗುತ್ತೆ. ಅಕ್ಕಪಕ್ಕದ ಮೂರು ನಾಲ್ಕು ಪಂಚಾಯ್ತಿ ಕೂಡಿಕೊಂಡು ಒಂದು ರೂಟಿಗೆ ತಿಂಗಳ ಲೆಕ್ಕದಲ್ಲಿ ಆಟೋ ಅಥವಾ ಓಮ್ನಿ ಗೊತ್ತು ಮಾಡಿದರೆ, ಸಮಗ್ರ ಶಿಕ್ಷಣದ ಭತ್ಯೆಯನ್ನೂ ಮಕ್ಕಳ ಮನೆಯವರ ಒಪ್ಪಿಗೆ ಪಡೆದು ಅದಕ್ಕೇ ಸೇರಿಸಿದರೆ, ಆಗದ ಕೆಲಸ ಏನಲ್ಲ. ಒಬ್ಬೊಬ್ಬರ ಖಾತೆಗೆ ಬಿದ್ದಾಗ 16 ರೂಪಾಯಿ ಆಗಿರೋದು ಆರೇಳು ಮಕ್ಕಳದ್ದು ಸೇರಿದರೆ ಡೀಸೆಲ್ಲಿಗಾದರೂ ಆಗುತ್ತೆ.

ಯಾವ ಮನೆಯಲ್ಲಿ ಯಾವ ಮಗು ಇದೆ ಅನ್ನೋದು ಗೊತ್ತಿರೋರೂ ಊರಲ್ಲೇ ಇದ್ದಾರೆ. ಪಂಚಾಯ್ತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅವರ ಹತ್ತಿರ ಯುಡಿಐಡಿ ಕಾರ್ಡು, ಪಿಂಚಣಿ ಅರ್ಜಿಗಳ ಪಟ್ಟಿ. ಬಿಐಇಆರ್‌ಟಿ ಹತ್ತಿರ ಶಾಲೆ ಪಟ್ಟಿ. ಎರಡು ಇಲಾಖೆ, ಎರಡು ಪಟ್ಟಿ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಯಾವ ಮಗುವಿಗೆ ಯಾವ ರಸ್ತೆಯಲ್ಲಿ ಗಾಡಿ ಬೇಕು ಅಂತ ಗುರುತು ಹಾಕೋಕೆ ಒಂದು ಮಧ್ಯಾಹ್ನ ಸಾಕು.

ದೂರು ಕೊಡೋ ದಾರಿಯೂ ಇದೆ. 2017ರ ನಿಯಮದ ಪ್ರಕಾರ ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಇಂಥ ಮಕ್ಕಳ ದಾಖಲಾತಿ ಮತ್ತು ಸೌಲಭ್ಯ ನೋಡಿಕೊಳ್ಳೋಕೆ ಒಬ್ಬ ನೋಡಲ್ ಅಧಿಕಾರಿ ಇರಬೇಕು. ಅಲ್ಲಿ ಆಗದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ಬರೆಯಬಹುದು. ಅರ್ಜಿಯಲ್ಲಿ ‘ಭತ್ಯೆ ಕೊಡಿ’ ಅನ್ನೋ ಬದಲು ‘16ನೇ ಕಲಂ ಪ್ರಕಾರ ಸಾರಿಗೆ ವ್ಯವಸ್ಥೆ ಮಾಡಿ’ ಅಂತ ಬರೆದರೆ ಉತ್ತರ ಕೊಡೋ ಜವಾಬ್ದಾರಿ ಅವರ ಮೇಲೆ ಬೀಳುತ್ತೆ.

ಕಡಿಮೆ ಮಕ್ಕಳಿರುವ ಶಾಲೆಗಳ ಭವಿಷ್ಯ ಏನು, ಕರ್ನಾಟಕ ಪಬ್ಲಿಕ್ ಶಾಲೆಗಳು ಹೆಚ್ಚಾದರೆ ಊರಿನ ಸಣ್ಣ ಶಾಲೆ ಉಳಿಯುತ್ತಾ ಅನ್ನೋ ಚರ್ಚೆಯೂ ಇದೇ ಹೊತ್ತಿನಲ್ಲಿ ನಡೀತಿದೆ. ಊರಿನ ಶಾಲೆ ದೂರ ಹೋದರೆ ಉಳಿದ ಮಕ್ಕಳು ಸೈಕಲ್ಲಲ್ಲೋ ಬಸ್ಸಲ್ಲೋ ಹೇಗೋ ಹೋದಾರು. ಮನೆ ಪಕ್ಕದಲ್ಲಿ ಶಾಲೆ ಇದೆ ಅನ್ನೋ ಒಂದೇ ಕಾರಣಕ್ಕೆ ಅಕ್ಕನ ಕೈ ಹಿಡಿದು ಹೋಗುತ್ತಿರುವ ವಿಶೇಷಚೇತನ ಮಗು ಎಲ್ಲಿಗೆ ಹೋಗಬೇಕು? ಶಾಲೆ ಸೇರಿಸೋ ಮಾತಾಡುವಾಗ ಎಸ್‌ಡಿಎಂಸಿಯವರು ಈ ಪ್ರಶ್ನೆಯನ್ನು ಮೊದಲು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ನವೆಂಬರ್ ಸುಮಾರಿಗೆ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತೆ. ಶಾಲೆಗೆ ಕಾಂಪೌಂಡು ಬೇಕು, ಆಟದ ಮೈದಾನ ಬೇಕು, ಬಸ್ಸು ಬೇಕು ಅಂತ ಮಕ್ಕಳು ಮೈಕು ಹಿಡಿದು ಕೇಳ್ತಾರೆ. ಗೃಹಾಧಾರಿತ ಪಟ್ಟಿಯಲ್ಲಿ ಇರುವ ಮಕ್ಕಳು ಆ ಸಭೆಗೆ ಬರಬೇಕಾದರೂ ಪಂಚಾಯ್ತಿಯೇ ಒಂದು ಗಾಡಿ ಕಳಿಸಬೇಕು.