ವೇಳಾಪಟ್ಟಿಗೂ ಒಂದು ಹೊರಬಾಗಿಲು ಇರಲಿ

"ಕಾರ್ಯಕ್ರಮದ ವೇಳಾಪಟ್ಟಿ ಮಾಡೋಕೆ ಸಾಫ್ಟ್‌ವೇರ್ ಯಾಕ್ರೀ, ಎಕ್ಸೆಲ್ ಸಾಕಲ್ವಾ?" ಅಂತ ಕೇಳುವವರಿದ್ದಾರೆ. ಒಂದು ಸಭಾಂಗಣ, ಐದು ಭಾಷಣ ಅಂದ್ರೆ ಖಂಡಿತ ಸಾಕು. ಆದರೆ ಬ್ರಸೆಲ್ಸ್‌ನಲ್ಲಿ ವರ್ಷವರ್ಷ ನಡೆಯುವ ಮುಕ್ತ ತಂತ್ರಾಂಶದ ಜಾತ್ರೆ ಫಾಸ್‌ಡೆಮ್ ನೋಡಿ. ಎರಡು ದಿನ, ಹತ್ತಾರು ಕೋಣೆ, ನೂರಾರು ಭಾಷಣ. ಒಂದೇ ಹೊತ್ತಿಗೆ ಒಂದು ಕೋಣೆ ಇಬ್ಬರ ಪಾಲಾಗಬಾರದು, ಒಬ್ಬ ಭಾಷಣಕಾರರ ಹೆಸರು ಎರಡು ಕಡೆ ಇರಬಾರದು. ಕೊನೇ ಗಳಿಗೆಯಲ್ಲಿ ಯಾರಾದರೂ ಬರಲ್ಲ ಅಂದ್ರೆ ಆ ಬದಲಾವಣೆ ಎಲ್ಲರಿಗೂ ಮುಟ್ಟಬೇಕು.

ಇಂಥ ಕೆಲಸಕ್ಕೆ ಮುಕ್ತ ತಂತ್ರಾಂಶಗಳು ಈಗಾಗಲೇ ಇವೆ: ಸರ್ನ್ ಪ್ರಯೋಗಾಲಯದ ಇಂಡಿಕೋ, ಜಾಂಗೋದಲ್ಲಿ ಬರೆದ ಪ್ರಿಟಾಲ್ಕ್ಸ್... ಹೊಸದೊಂದನ್ನು ಬರೆಯಲು ಹೊರಟ ಗೆಳೆಯರು ಮೊದಲು ಕೈಹಾಕುವುದು ಬಣ್ಣಬಣ್ಣದ ಪರದೆಗೆ. ನನ್ನ ಪ್ರಕಾರ ಮೊದಲು ಬರೆಯಬೇಕಾದ್ದು ಎಕ್ಸ್‌ಪೋರ್ಟ್!

ಯಾಕೆ ಅಂತೀರಾ? ಫಾಸ್‌ಡೆಮ್ ವರ್ಷಗಟ್ಟಲೆ ಬಳಸಿದ್ದು ಪೆಂಟಾಬಾರ್ಫ್ ಎಂಬ ತಂತ್ರಾಂಶವನ್ನು. 2024ರ ಸಮ್ಮೇಳನಕ್ಕೆ ಅದನ್ನು ಬಿಟ್ಟು ಪ್ರಿಟಾಲ್ಕ್ಸ್ ಹಿಡಿದರು. ತಂತ್ರಾಂಶ ಹೋಯಿತು, ಆದರೆ ಅದರ ಎಕ್ಸ್‌ಎಂಎಲ್ ಕಡತದ ರೂಪ ಉಳಿಯಿತು. ಅದನ್ನು ಓದಬಲ್ಲ ಗಿಗಿಟಿಯಂಥ ಮೊಬೈಲ್ ಆಪ್‌ಗಳಿಗೆ ಒಳಗೆ ಯಾವ ತಂತ್ರಾಂಶ ಓಡುತ್ತಿದ್ದರೂ ಚಿಂತೆಯಿಲ್ಲ.

ಐಕ್ಯಾಲೆಂಡರ್ ಕೂಡ ಹಾಗೇ. 1998ರಲ್ಲಿ ಬಂದ ಮಾನಕ, 2009ರಲ್ಲಿ ಪರಿಷ್ಕೃತವಾಯಿತು. ಗೂಗಲ್ ಕ್ಯಾಲೆಂಡರ್, ಥಂಡರ್‌ಬರ್ಡ್ ಎರಡೂ ಓದುತ್ತವೆ. ಆದರೆ ಕಾಟಾಚಾರಕ್ಕೆ ಎಕ್ಸ್‌ಪೋರ್ಟ್ ಮಾಡಿದರೆ ಸಾಲದು. ಅದರಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಯುಐಡಿ ಅಂತ ಒಂದು ಗುರುತು ಇರುತ್ತದೆ. ಪ್ರತಿ ಸಲ ಹೊಸ ಯುಐಡಿ ಹಾಕಿದರೆ ಓದುಗನ ಕ್ಯಾಲೆಂಡರಿನಲ್ಲಿ ಒಂದೇ ಭಾಷಣ ಎರಡೆರಡು ಸಲ ಕೂರುತ್ತದೆ. ಬರೀ 'ಹತ್ತು ಗಂಟೆ' ಅಂತ ಬರೆದು ಕಾಲವಲಯ ಬಿಟ್ಟರೆ, ಬೇರೆ ದೇಶದಲ್ಲಿ ಕೂತು ನೋಡುವವನು ಹೊತ್ತು ತಪ್ಪಿ ಬರುತ್ತಾನೆ.

"ಸೋರ್ಸ್ ಕೋಡೇ ಇದೆಯಲ್ಲ, ಬೇಕಾದವರು ಡೇಟಾಬೇಸಿನಿಂದ ತೆಗೆದುಕೊಳ್ಳಲಿ" ಅನ್ನೋ ವಾದ ನನಗೆ ಒಪ್ಪಿಗೆಯಿಲ್ಲ. ಸಮ್ಮೇಳನ ನಡೆಸುವ ಸ್ವಯಂಸೇವಕರೆಲ್ಲ ಪ್ರೋಗ್ರಾಮರ್‌ಗಳಲ್ಲ. ಅವರ ಕೈಗೆ ಸಿಗದ ಸ್ವಾತಂತ್ರ್ಯ ಬರೀ ಲೈಸೆನ್ಸ್ ಕಡತದಲ್ಲಿದ್ದು ಏನು ಪ್ರಯೋಜನ?

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯೂನಿಕೋಡ್‌ಗೆ ಮುಂಚೆ ಟೈಪಿಸಿದ ಕಡತಗಳು ಆಯಾ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಲಸುಮೇಲೋಗರವಾಗಿದ್ದು ನೆನಪಿದೆಯಲ್ಲ? ಬರಹ ನಮ್ಮದೇ, ಬೀಗದ ಕೈ ಮಾತ್ರ ಫಾಂಟಿನ ಹತ್ತಿರ. ವೇಳಾಪಟ್ಟಿಗೆ ಅದೇ ಗತಿ ಬರುವುದು ಬೇಡ. ಏನಂತೀರಿ?