ಮೊಮ್ಮಕ್ಕಳಿಗೂ ವಟ್ಟವೆ?

ಅರ್ಥಶಾಸ್ತ್ರಜ್ಞರ ಲೆಕ್ಕದಲ್ಲಿ ಕನ್ನಡ ಮೇಷ್ಟರಿಗೇನು ಕೆಲಸ ಎಂದು ಕೇಳುವವರಿದ್ದಾರೆ. ಲೆಕ್ಕ ಅವರದೇ ಇರಲಿ. ಆದರೆ ಲೆಕ್ಕದೊಳಗೆ ನೀತಿಯೊಂದನ್ನು ಅಡಗಿಸಿಟ್ಟು, ಅದನ್ನೂ ಲೆಕ್ಕವೆಂದೇ ಕರೆದರೆ, ಆಕ್ಷೇಪಿಸುವ ಹಕ್ಕು ಓದುಬಲ್ಲ ಎಲ್ಲರಿಗೂ ಉಂಟೆಂದು ನನ್ನ ಮತ.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವಿಲಿಯಂ ನಾರ್ಡ್‌ಹಾಸ್ ಅವರನ್ನೇ ತೆಗೆದುಕೊಳ್ಳೋಣ. ಭೂಮಿ ಬಿಸಿಯೇರುವ ಮಾತನ್ನು ಬಹುಮಂದಿ ಅರ್ಥಶಾಸ್ತ್ರಜ್ಞರು ಕಿವಿಗೇ ಹಾಕಿಕೊಳ್ಳದಿದ್ದ 1970ರ ದಶಕದಲ್ಲೇ ಅವರು ಅದರ ಅಧ್ಯಯನಕ್ಕೆ ಕೈಹಾಕಿದರು. ಹವೆಯನ್ನೂ ಹಣವನ್ನೂ ಒಂದೇ ಗಣಿತದಲ್ಲಿ ಬೆಸೆದ ‘ಡೈಸ್’ ಎಂಬ ಮಾದರಿಯನ್ನು ರಚಿಸಿದರು. ಇಂಗಾಲದ ಹೊಗೆಗೆ ತೆರಿಗೆ ಹಾಕಬೇಕೆಂದು ಎಡೆಬಿಡದೆ ವಾದಿಸಿದರು. 2018ರ ಅಕ್ಟೋಬರ್ 8ರಂದು ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಇದನ್ನು ಅಲ್ಲಗಳೆಯುವವನು ನಾನಲ್ಲ.

ಆದರೆ ಅದೇ ದಿನ ವಿಶ್ವಸಂಸ್ಥೆಯ ಹವಾಮಾನ ಮಂಡಲಿಯು, ತಾಪದ ಏರಿಕೆ 1.5 ಡಿಗ್ರಿ ಮೀರಿದರೆ ಒದಗುವ ಅಪಾಯಗಳ ವರದಿಯನ್ನು ಪ್ರಕಟಿಸಿತು. ನಾರ್ಡ್‌ಹಾಸರ ಮಾದರಿ ಅತ್ಯುತ್ತಮವೆಂದು ತೋರಿಸಿದ ದಾರಿಯಾದರೋ 2100ರ ವೇಳೆಗೆ ಸುಮಾರು 3.5 ಡಿಗ್ರಿ ಮುಟ್ಟುವಂಥದು!

ಇಷ್ಟು ಅಂತರವೇಕೆ? ಮುಂದೆ ಸಲ್ಲಬೇಕಾದ ಹುಂಡಿಯನ್ನು ಇಂದೇ ನಗದು ಮಾಡಿಸಿದರೆ ಸಾಹುಕಾರ ವಟ್ಟ ಮುರಿದುಕೊಳ್ಳುತ್ತಾನಷ್ಟೆ. ಮುಂದಿನ ತಲೆಮಾರುಗಳ ನಷ್ಟಕ್ಕೂ ಈ ಶಾಸ್ತ್ರದಲ್ಲಿ ಹೀಗೆಯೇ ವಟ್ಟ ಮುರಿಯುತ್ತಾರೆ. ಬ್ರಿಟನ್ ಸರ್ಕಾರಕ್ಕಾಗಿ 2006ರಲ್ಲಿ ವರದಿ ಬರೆದ ನಿಕೊಲಾಸ್ ಸ್ಟರ್ನ್ ಹಿಡಿದ ದರ ಸುಮಾರು ಶೇಕಡ 1.4. ಅದರಂತೆ ನೂರು ವರ್ಷಗಳಾಚೆಯ 100 ರೂಪಾಯಿ ನಷ್ಟಕ್ಕೆ ಇಂದಿನ ಬೆಲೆ 25 ರೂಪಾಯಿ. ನಾರ್ಡ್‌ಹಾಸರು ಪೇಟೆಯ ಬಡ್ಡಿಯನ್ನು ನೋಡಿ ದರ ಕಟ್ಟುವವರು. ಅದನ್ನು ಶೇಕಡ 4 ಎಂದಿಟ್ಟುಕೊಂಡರೆ ಅದೇ ನಷ್ಟ 2 ರೂಪಾಯಿಗೆ ಇಳಿಯುತ್ತದೆ.

ಪೇಟೆ ನಡೆಯುವುದೇ ಹಾಗೆ ಎಂಬುದು ಅವರ ಸಮಾಧಾನ. ಪೇಟೆಯಲ್ಲಿ ನಡೆದುದೆಲ್ಲ ನ್ಯಾಯವೆ? ಇನ್ನೂ ಹುಟ್ಟದವರು ಆ ಪೇಟೆಗೆ ಬಂದು ಚೌಕಾಸಿ ಮಾಡುವಂತಿಲ್ಲ. ಮುಂದಿನವರು ನಮಗಿಂತ ಸಿರಿವಂತರಾಗಿರುತ್ತಾರೆ ಎನ್ನುತ್ತಾರೆ. ಎಲ್ಲರೂ? ಬಂಗಾಳದ ಕರಾವಳಿಯಲ್ಲಿ ಉಪ್ಪುನೀರು ನುಗ್ಗಿದ ಗದ್ದೆಯ ರೈತನ ಮೊಮ್ಮಗನೂ?

ಕೇಂಬ್ರಿಜ್‌ನ ಫ್ರಾಂಕ್ ರಾಮ್ಸೆ ಎಂಬ ಗಣಿತಜ್ಞ 1928ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲೇ, ಮುಂದಿನವರ ಸುಖವನ್ನು ಮುಂದಿನದೆಂಬ ಕಾರಣಕ್ಕೇ ಕಡಿಮೆ ಎಣಿಸುವುದಕ್ಕೆ ನೈತಿಕ ಸಮರ್ಥನೆಯಿಲ್ಲ, ಅದು ಕಲ್ಪನಾಶಕ್ತಿಯ ದೌರ್ಬಲ್ಯ ಎಂದಿದ್ದರು. ರೋಗ ಕಲ್ಪನೆಯದಾದ ಮೇಲೆ ಸಾಹಿತ್ಯದ ಮೇಷ್ಟರು ಬಾಯಿ ಹಾಕಿದರೆ ತಪ್ಪೇನು?

ದರವನ್ನು ಪಂಡಿತರೇ ಆರಿಸಲಿ. ಆದರೆ ಅದನ್ನು ಗ್ರಂಥದ ಮೊದಲ ಪುಟದಲ್ಲೇ ಬರೆದು, ಇದು ಪ್ರಕೃತಿಯ ನಿಯಮವಲ್ಲ, ನಮ್ಮ ಆಯ್ಕೆ ಎಂದು ಒಪ್ಪಿಕೊಳ್ಳಲಿ. ಆಮೇಲೆ ತೀರ್ಪು ನಮ್ಮೆಲ್ಲರದು.